ದ್ಯಾಮವ್ವನ ಮುಂದೆ ಆಣೆ ಮಾಡಿಸಿ ವೋಟು ಕೇಳಿದರು, ಅವ್ವನ ಹೆದರಿಕೆ ಇನ್ನೂ ಹೋಗಿಲ್ಲ

ಹಾವೇರಿ ಮಣ್ಣು:

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಅವ್ವ ಊರಲ್ಲೇ ಇದ್ದಾಳೆ, ಹಾವೇರಿ ಜಿಲ್ಲೆಯ ಒಂದು ಸಣ್ಣ ಹಳ್ಳಿ. 2023ರ ವಿಧಾನಸಭಾ ಚುನಾವಣೆಗೆ ನಾಲ್ಕು ದಿನ ಇದ್ದಾಗ ಒಬ್ಬ ಅಭ್ಯರ್ಥಿಯ ಕಡೆಯವರು ನಮ್ಮ ಓಣಿಯ ಹೆಂಗಸರನ್ನೆಲ್ಲ ಸಂಜೆ ದ್ಯಾಮವ್ವನ ಗುಡಿಗೆ ಕರೆಸಿದರು. ಒಬ್ಬೊಬ್ಬರಿಗೆ ಒಂದು ಸೀರೆ, ಒಂದು ಕವರು. ಕೊಡುವ ಮುಂಚೆ ಅಂಗೈಗೆ ಭಂಡಾರ (ದೇವಿಯ ಅರಿಶಿನ) ಹಾಕಿ, ದೇವಿ ಕಡೆ ಮುಖ ಮಾಡಿಸಿ, ನಿಮಗೇ ವೋಟು ಹಾಕುತ್ತೇನೆ, ತಪ್ಪಿದರೆ ದ್ಯಾಮವ್ವ ನೋಡಿಕೊಳ್ಳಲಿ ಎಂದು ಹೇಳಿಸಿದರು. ಅವ್ವನಿಗೆ ಮನಸ್ಸಿರಲಿಲ್ಲ. ಆದರೆ ಇಡೀ ಓಣಿ ನಿಂತಿರುವಾಗ, ದೇವಿ ಎದುರಿಗೆ, ಒಲ್ಲೆ ಅನ್ನುವುದು ಹೇಗೆ? ಹೇಳಿ ಬಂದಳು.

ವೋಟು ಮಾತ್ರ ಬೇರೆಯವರಿಗೆ ಹಾಕಿದಳು. ಯಾರಿಗೆ ಅಂತ ನನಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಆ ವರ್ಷ ಶ್ರಾವಣದಲ್ಲಿ ನನ್ನ ತಮ್ಮ ಬೈಕಿಂದ ಬಿದ್ದು ಕಾಲು ಮುರಿದುಕೊಂಡ. ರಾಡ್ ಹಾಕಿದರು. ಈಗ ಓಡಾಡುತ್ತಾನೆ, ಆದರೆ ಹೊಲದ ಕೆಲಸ ಮೊದಲಿನ ಹಾಗೆ ಆಗುವುದಿಲ್ಲ. ಅವತ್ತಿನಿಂದ ಅವ್ವನಿಗೆ ಒಂದೇ ಮಾತು: ನಾನು ಆಣೆ ಮುರಿದೆ, ದ್ಯಾಮವ್ವ ನನ್ನ ಮಗನ ಕಾಲು ಮುರಿದಳು. ಮಂಗಳವಾರ, ಶುಕ್ರವಾರ ಒಂದೇ ಹೊತ್ತು ಊಟ. ಆ ಸೀರೆ ಉಟ್ಟಿಲ್ಲ, ಟ್ರಂಕಿನ ತಳದಲ್ಲಿ ಹಾಗೇ ಇದೆ. ಗುಡಿಗೆ ಹೋದರೆ ಹೊರಗಿನಿಂದಲೇ ಕೈ ಮುಗಿದು ಬರುತ್ತಾಳೆ, ಒಳಗೆ ಹೋಗುವುದಿಲ್ಲ. ಹುಟ್ಟಿದಾಗಿನಿಂದ ನಂಬಿದ ದೇವರು ಅವಳಿಗೆ ಈಗ ಹೆದರಿಕೆ ಆಗಿಬಿಟ್ಟಿದ್ದಾಳೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿದರೆ ಒಬ್ಬರು, ಧರ್ಮ ರಾಜಕೀಯಕ್ಕೆ ಬಂದರೆ ತಪ್ಪೇನು, ದೇವರ ಭಯ ಇದ್ದರೆ ತಾನೇ ಜನ ನೆಟ್ಟಗಿರುವುದು ಎಂದರು. ನನಗೆ ಉತ್ತರ ಕೊಡಲು ಬರಲಿಲ್ಲ.

ಕೇಳಬೇಕಾದ್ದು ಎರಡೇ. ಹೀಗೆ ಆಣೆ ಮಾಡಿಸುವುದಕ್ಕೆ ಕಾನೂನಿನಲ್ಲಿ ಏನೂ ಇಲ್ವಾ? ಅವ್ವನಿಗೆ ನಾನು ಏನಂತ ಹೇಳಲಿ?

ಕರಿ ಕೋಟು:

ನಾನು ವಕೀಲ. ಮೊದಲ ಪ್ರಶ್ನೆಗೆ ನೇರ ಉತ್ತರ: ಇದೆ. ಅದೂ 1951ರಿಂದ ಇದೆ.

ಪ್ರಜಾಪ್ರತಿನಿಧಿ ಕಾಯ್ದೆ 1951, ಸೆಕ್ಷನ್ 123. ಚುನಾವಣೆಯ ಭ್ರಷ್ಟ ಆಚರಣೆಗಳು ಯಾವುವು ಅಂತ ಅಲ್ಲಿ ಬರೆದಿದೆ. ಲಂಚ ಮೊದಲನೆಯದು, ನಿಮ್ಮ ಅವ್ವನಿಗೆ ಕೊಟ್ಟ ಸೀರೆ, ಕವರು ಅಲ್ಲಿಗೆ ಬರುತ್ತವೆ. ಎರಡನೆಯದು ಅನುಚಿತ ಪ್ರಭಾವ. ಅದರಲ್ಲಿ ಒಂದು ಸಾಲಿದೆ, ಅದನ್ನು ತುಂಬಾ ಜನ ಓದಿರುವುದಿಲ್ಲ. ಮತದಾರರಿಗೆ, ಅಥವಾ ಅವರಿಗೆ ಬೇಕಾದವರಿಗೆ, ದೇವರ ಸಿಟ್ಟು ತಟ್ಟುತ್ತದೆ ಅಂತ ನಂಬಿಸುವುದೂ ಅನುಚಿತ ಪ್ರಭಾವವೇ. ಮತದಾರರಿಗೆ ಅಷ್ಟೇ ಅಲ್ಲ, ಅವರಿಗೆ ಬೇಕಾದವರಿಗೆ ಅಂತಲೂ ಇದೆ, ಗಮನಿಸಿ. ಮಗನ ಕಾಲಿನ ಬಗ್ಗೆ ಒಬ್ಬ ತಾಯಿ ಹೀಗೆ ಹೆದರುತ್ತಾಳೆ ಅಂತ ಆ ಕಾನೂನು ಬರೆದವರಿಗೆ ಆಗಲೇ ಗೊತ್ತಿತ್ತು.

ಇದು ಬರೀ ಪುಸ್ತಕದಲ್ಲಿ ಉಳಿದ ಮಾತಲ್ಲ. ಆಗಿನ ಪಂಜಾಬಿನ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಸಿಖ್ಖರ ಗುರು, ಇಂಥವರಿಗೇ ವೋಟು ಹಾಕಬೇಕು ಅಂತ ತಮ್ಮ ಅನುಯಾಯಿಗಳಿಗೆ ಅಪ್ಪಣೆ ಕೊಡಿಸಿದ್ದರು. ಗೆದ್ದವರ ಆಯ್ಕೆಯೇ ರದ್ದಾಯಿತು, 1959ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಮ್ ದಯಾಳ್ ವಿರುದ್ಧ ಸಂತ್ ಲಾಲ್ ಪ್ರಕರಣ. ಧರ್ಮಗುರು ತನ್ನ ಅಭಿಪ್ರಾಯ ಹೇಳಬಹುದು. ಆದರೆ ಮೀರಿದರೆ ಪಾಪ ತಗಲುತ್ತದೆ ಅನ್ನುವ ಹಾಗೆ ಅಪ್ಪಣೆ ಕೊಟ್ಟರೆ ಮತದಾರನಿಗೆ ಆಯ್ಕೆ ಅನ್ನುವುದೇ ಉಳಿಯುವುದಿಲ್ಲ ಅಲ್ವಾ, ಕೋರ್ಟು ನೋಡಿದ್ದು ಅದನ್ನೇ.

ಇನ್ನೊಂದು ಕಾನೂನಿದೆ, 1988ರದ್ದು, ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಗುಡಿ, ಮಸೀದಿ, ಚರ್ಚು, ಮಠ ಯಾವುದೇ ಇರಲಿ, ಅದರ ಜಾಗವನ್ನು ರಾಜಕೀಯಕ್ಕೆ ಬಳಸಲು ಬಿಟ್ಟರೆ ನಡೆಸುವವರಿಗೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಧರ್ಮದ ಹೆಸರಿನಲ್ಲಿ ವೋಟು ಕೇಳುವುದಕ್ಕೆ ಬೇರೆಯೇ ನಿಷೇಧ ಇದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ವರು ಒಂದು ಕಡೆ ಮೂವರು ಒಂದು ಕಡೆ, ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ ಮತದಾರನ ಧರ್ಮದ ಹೆಸರಿನಲ್ಲೂ ಕೇಳುವಂತಿಲ್ಲ ಎಂದಿತು.

ಕೆಟ್ಟ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬೇಕು. 2023ರದ್ದು ಯಾವತ್ತೋ ಮುಗಿಯಿತು. ಅಭ್ಯರ್ಥಿ ಅಥವಾ ಅವನ ಏಜೆಂಟ್ ಮಾಡಿದ್ದು, ಇಲ್ಲವೇ ಅವರ ಒಪ್ಪಿಗೆಯಿಂದ ನಡೆದದ್ದು ಅಂತ ಸಾಬೀತು ಮಾಡಬೇಕು. ಅದು ಸುಲಭ ಅಲ್ಲ. ಸಾಕ್ಷಿ ಹೇಳಲು ಊರವರು ಬರುವುದಿಲ್ಲ, ನಾಳೆ ಅದೇ ಓಣಿಯಲ್ಲಿ ಬದುಕಬೇಕಲ್ಲ. ಮುಂದಿನ ಸಲ ಹೀಗಾದರೆ ಆಗಲೇ ಒಂದು ಫೋಟೊ ಅಥವಾ ವಿಡಿಯೊ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹಾಕಲು ತಮ್ಮನಿಗೆ ಹೇಳಿಕೊಡಿ. 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅವರ ಲೆಕ್ಕ. ದೂರು ಕೊಟ್ಟವರ ಹೆಸರು ಗುಟ್ಟಾಗಿ ಇಡಬಹುದು.

ಅವ್ವನಿಗೆ ಇದೊಂದು ಹೇಳಿ. ಯಾರಿಗೆ ವೋಟು ಹಾಕಿದೆ ಅಂತ ಕೋರ್ಟು ಕೂಡ ಅವರನ್ನು ಕೇಳುವಂತಿಲ್ಲ. ಅದೇ ಕಾಯ್ದೆಯ ಸೆಕ್ಷನ್ 94.

ಕೋಲಾರದ ಕಡೆಯವ:

ನಮ್ಮ ಕಡೆ ಚುನಾವಣೆ ಬಂದರೆ ಅಭ್ಯರ್ಥಿಗಳ ಕಡೆಯವರು ಬಸ್ಸು ಮಾಡಿ ಕಳಿಸುತ್ತಾರೆ. ಹೆಂಗಸರನ್ನು ತಮಿಳುನಾಡಿನ ಓಂ ಶಕ್ತಿ ಗುಡಿಗೆ, ಗಂಡಸರನ್ನು ಧರ್ಮಸ್ಥಳಕ್ಕೆ, ತಿರುಪತಿಗೆ. ಊಟ, ತಿಂಡಿ ಎಲ್ಲ ಅವರದೇ. ಬಸ್ಸು ವಾಪಸ್ ಹೊರಡುವಾಗ ಒಬ್ಬರು ಎದ್ದು ನಿಂತು ಜ್ಞಾಪಿಸುತ್ತಾರೆ, ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ, ಮರೀಬೇಡಿ ಅಂತ. ಅಷ್ಟೇ ಸಾಕು. ನಮ್ಮ ಅತ್ತೆ ಮೂರು ಚುನಾವಣೆ ಹಾಗೇ ವೋಟು ಹಾಕಿದ್ದಾರೆ.

2011ರಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಇಬ್ಬರ ಜಗಳ ಧರ್ಮಸ್ಥಳದ ಆಣೆ ತನಕ ಹೋಗಿತ್ತು, ನೆನಪಿದೆಯಾ? ಇಬ್ಬರೂ ಅಲ್ಲಿಗೆ ಹೋದರು, ಆಣೆ ಮಾಡದೆ ದರ್ಶನ ಮಾಡಿ ಬಂದರು. ದೊಡ್ಡವರಿಗೆ ಹಾಗೆ ವಾಪಸ್ ಬರಲು ದಾರಿ ಇರುತ್ತದೆ. ನಿಮ್ಮ ಅಮ್ಮನಿಗೆ ಇರಲಿಲ್ಲ.

ತುಮಕೂರು ಹಾಸ್ಟೆಲ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ತಾಯಿಗೆ ಆಗಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನೇ ಹಿಡಿದು ಧರ್ಮವನ್ನು ರಾಜಕೀಯದಿಂದ ಪೂರ್ತಿ ಹೊರಗೆ ಹಾಕಿ ಅಂದರೆ ನಾನು ಒಪ್ಪುವುದಿಲ್ಲ.

ನಾನು ಸಿದ್ಧಗಂಗೆಯಲ್ಲಿ ಓದಿದವನು. ಸುಮಾರು 10,000 ಮಕ್ಕಳು, ಜಾತಿ ಮತ ಕೇಳದೆ ಅನ್ನ, ಅಕ್ಷರ. ಸರಕಾರ ಮಾಡಬೇಕಾದ ಕೆಲಸವನ್ನು ಮಠ ಮಾಡಿತು. ನಮ್ಮ ಅಪ್ಪನ ಹತ್ತಿರ ಫೀಸಿಗೆ ದುಡ್ಡಿರಲಿಲ್ಲ, ಮಠ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಲೇ ಇರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು, ಅವರ ಭಕ್ತಿ ಬೇರೆ ಆಡಳಿತ ಬೇರೆ ಆಗಿತ್ತಾ? ಗಾಂಧಿ ರಾಮನ ಹೆಸರು ಬಿಟ್ಟು ಒಂದು ದಿನ ರಾಜಕೀಯ ಮಾಡಿದರಾ? ದೇವರಿಗೂ ಹೆದರದವರ ಕೈಗೆ ಅಧಿಕಾರ ಕೊಟ್ಟರೆ ಮತ್ತೆ ಯಾವುದಕ್ಕೆ ಹೆದರುತ್ತಾರೆ ಹೇಳಿ.

ಹುಬ್ಬಳ್ಳಿ ಮೇಷ್ಟ್ರು:

ತುಮಕೂರಿನ ತಮ್ಮಾ, ನಿಮ್ಮ ಮಾತಿನಲ್ಲಿ ನೋವೂ ಇದೆ, ಕೃತಜ್ಞತೆಯೂ ಇದೆ. ಅದಕ್ಕೆ ಸುಮ್ನೆ ತಳ್ಳಿಹಾಕದೆ ಉತ್ತರ ಬರೆಯುತ್ತೇನೆ. ನಾನು 31 ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವನು.

ಕಲ್ಯಾಣದ ಕಥೆಯನ್ನೇ ತೆಗೆದುಕೊಳ್ಳಿ, ನೀವೇ ಎತ್ತಿದ್ದೀರಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಜಾತಿ ಕೆಟ್ಟಿತು, ಧರ್ಮ ಕೆಟ್ಟಿತು ಅಂತ ದೂರು ಹೋಯಿತು. ಯಾರ ಹತ್ತಿರ? ರಾಜನ ಹತ್ತಿರ. ಬಿಜ್ಜಳ ಆ ಇಬ್ಬರು ತಂದೆಯರನ್ನು ಸಾಯಿಸಿದ ಅಂತ ನಮ್ಮ ಪುರಾಣಗಳು ಹೇಳುತ್ತವೆ. ಶರಣರು ಕಲ್ಯಾಣ ಬಿಟ್ಟು ಚೆಲ್ಲಾಪಿಲ್ಲಿಯಾಗಿ ಹೋದರು. ಯಾವುದು ಧರ್ಮ, ಯಾವುದು ಅಲ್ಲ ಅಂತ ತೀರ್ಮಾನ ಮಾಡುವ ಕತ್ತಿ ಅರಸನ ಕೈಗೆ ಸಿಕ್ಕರೆ ಮೊದಲು ಸಾಯುವವರು ಹರಳಯ್ಯನಂಥವರೇ. ಬಸವಣ್ಣನ ಭಕ್ತಿ ಅವರ ನಡತೆಯಲ್ಲಿತ್ತು. ಆ ನಡತೆ ಇಟ್ಟುಕೊಂಡು ಯಾರೂ ರಾಜಕೀಯಕ್ಕೆ ಬರಬೇಡಿ ಅಂತ ನಾನು ಹೇಳುತ್ತಿಲ್ಲ. ಸಿದ್ಧಗಂಗೆಯ ದೊಡ್ಡ ಸ್ವಾಮಿಗಳು ಅನ್ನ ಬಡಿಸುವಾಗ ನಿಮ್ಮಪ್ಪನ ವೋಟು ಕೇಳಿದರಾ? ಇಲ್ಲ ತಾನೇ. ನಿಮ್ಮ ಮಠಕ್ಕೂ ಆ ದ್ಯಾಮವ್ವನ ಗುಡಿಯಲ್ಲಿ ನಿಂತಿದ್ದವರಿಗೂ ಇರುವ ಫರಕು ಅದೇ.

ಇನ್ನು ನಾನು ಕಣ್ಣಾರೆ ಕಂಡದ್ದು. ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ನಮ್ಮ ಹುಬ್ಬಳ್ಳಿ ಸೀಮೆಯವರು. 1989ರ ಏಪ್ರಿಲ್‌ನಲ್ಲಿ ಅವರ ಸರಕಾರವನ್ನು ವಜಾ ಮಾಡಿದರು, ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶ ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು. ಆ ಪ್ರಕರಣದ ತೀರ್ಪು ಬಂದದ್ದು 1994ರ ಮಾರ್ಚ್ 11, ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ. ಅಷ್ಟರಲ್ಲಿ 1992ರ ಡಿಸೆಂಬರ್ 6 ಆಗಿಹೋಗಿತ್ತು. ಬಾಬರಿ ಮಸೀದಿ ಬಿದ್ದ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರಕಾರಗಳನ್ನು ವಜಾ ಮಾಡಿದ್ದೂ ಅದೇ ಪ್ರಕರಣದೊಳಗೆ ಸೇರಿಕೊಂಡಿತ್ತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ, ಅದಕ್ಕೆ ವಿರುದ್ಧ ನಡೆಯುವ ರಾಜ್ಯ ಸರಕಾರವನ್ನು ವಜಾ ಮಾಡಬಹುದು ಅಂತ ಕೋರ್ಟು ಹೇಳಿತು. ದೇಶದಲ್ಲೆಲ್ಲ ಇವತ್ತಿಗೂ ಬೊಮ್ಮಾಯಿ ತೀರ್ಪು ಅಂತಲೇ ಕರೆಯುತ್ತಾರೆ, ನಮ್ಮ ಊರಿನವರ ಹೆಸರು.

ಅದೇ ಹುಬ್ಬಳ್ಳಿಯಲ್ಲಿ ಐದೇ ತಿಂಗಳಿಗೆ ಏನಾಯಿತು? ಈದ್ಗಾ ಮೈದಾನ. 1994ರ ಆಗಸ್ಟ್ 15. ಬಾವುಟ ಹಾರಿಸುವ ಹೆಸರಿನಲ್ಲಿ ಜನ ಸೇರಿದರು, ಕರ್ಫ್ಯೂ ಇತ್ತು, ಗೋಲಿಬಾರ್ ಆಯಿತು, ಜನ ಸತ್ತರು. ಒಂದು ಮೈದಾನದ ಜಾಗದ ತಕರಾರು ಅದು, ಕೋರ್ಟಿನಲ್ಲಿತ್ತು. ಅದನ್ನು ದೇವರ ಜಗಳ, ದೇಶಭಕ್ತಿಯ ಜಗಳ ಮಾಡಿದರು. ಸರಕಾರದಲ್ಲಿ ಇದ್ದವರೂ ವರ್ಷಗಟ್ಟಲೆ ಅದನ್ನು ಬಗೆಹರಿಸದೆ ಬಿಟ್ಟಿದ್ದರು. ನಮ್ಮ ಶಾಲೆಯ ಮಕ್ಕಳು ಹಿಂದಿನ ದಿನ ಮಾಡಿದ ಕಾಗದದ ಬಾವುಟಗಳು ನನ್ನ ಮೇಜಿನ ಮೇಲೇ ಉಳಿದವು. ಆ ವರ್ಷ ನಾವು ಬಾವುಟ ಹಾರಿಸಲಿಲ್ಲ. ನನಗೆ ಈಗಲೂ ಆಗಸ್ಟ್ ಬಂದರೆ ಆ ಕಾಗದಗಳೇ ಕಣ್ಣಿಗೆ ಬರುತ್ತವೆ. ಆ ವರ್ಷದ ಕೊನೆಯಲ್ಲಿ ಚುನಾವಣೆ. 1989ರಲ್ಲಿ 4 ಸೀಟು ಇದ್ದ ಬಿಜೆಪಿಗೆ 40 ಬಂದವು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಗೋಲಿಬಾರಿನಲ್ಲಿ ಮಗನನ್ನು ಕಳೆದುಕೊಂಡ ಮನೆಗೆ ಆ ಲೆಕ್ಕದಿಂದ ಏನು ಸಿಕ್ಕಿತು?

ಒಂದೇ ಪಕ್ಷದ ಮೇಲೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಗಂಡ ತಲಾಖ್ ಕೊಟ್ಟಿದ್ದ ಶಾ ಬಾನು ಅನ್ನುವ ವಯಸ್ಸಾದ ಹೆಂಗಸಿಗೆ 1985ರಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶ ಕೊಡಿಸಿತು. 1986ರಲ್ಲಿ ರಾಜೀವ್ ಗಾಂಧಿ ಸರಕಾರ ಮುಸ್ಲಿಂ ನಾಯಕರನ್ನು ಮೆಚ್ಚಿಸಲು ಕಾನೂನನ್ನೇ ಬದಲಿಸಿತು. ಅದೇ ವರ್ಷ ಫೆಬ್ರವರಿ 1ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯ ಬೀಗ ತೆಗೆಯಲಾಯಿತು. ಒಬ್ಬರನ್ನು ಸಮಾಧಾನ ಮಾಡಲು ಒಂದು, ಇನ್ನೊಬ್ಬರನ್ನು ಸಮಾಧಾನ ಮಾಡಲು ಇನ್ನೊಂದು. ನಮ್ಮಲ್ಲೇ 2018ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳು ಇರುವಾಗ, ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು ಕೇಂದ್ರಕ್ಕೆ ಹೋಯಿತು. ಆ ಬೇಡಿಕೆ ಸರಿಯೋ ತಪ್ಪೋ ಅದು ಬೇರೆ ವಿಷಯ, ಅದರ ಹಿಂದೆ ಪ್ರಾಮಾಣಿಕ ಜನ ಇದ್ದರು. ಆದರೆ ನನ್ನ ಮನೆಯಲ್ಲೇ ಅಣ್ಣ ತಮ್ಮ ಆರು ತಿಂಗಳು ಮಾತು ಬಿಟ್ಟರು. ಆ ಸರಕಾರದಲ್ಲಿ ಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರೇ ಅದೇ ವರ್ಷ, ಧರ್ಮದ ವಿಷಯದಲ್ಲಿ ನಾವು ಕೈ ಹಾಕಿದ್ದು ತಪ್ಪಾಯಿತು ಅಂತ ಎಲ್ಲರೆದುರು ಒಪ್ಪಿಕೊಂಡರು.

ನೀವು ಮಠದ ಮಾತು ಹೇಳಿದಿರಿ. 2020ರ ಜನವರಿಯಲ್ಲಿ ಹರಿಹರದ ಜಾತ್ರೆಯ ವೇದಿಕೆಯಲ್ಲಿ ಒಬ್ಬ ಸ್ವಾಮೀಜಿ, ಮುಖ್ಯಮಂತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ನಮ್ಮ ಸಮಾಜದವರನ್ನು ಮಂತ್ರಿ ಮಾಡದಿದ್ದರೆ ಸಮಾಜ ನಿಮ್ಮ ಕೈ ಬಿಡುತ್ತದೆ ಎಂದರು. ಯಡಿಯೂರಪ್ಪ ಸಿಟ್ಟಾಗಿ ಎದ್ದು ನಿಂತರು. ಆ ಸ್ವಾಮೀಜಿಯನ್ನು ವೋಟು ಹಾಕಿ ಆರಿಸಿದವರು ಯಾರು? ಮುಂದಿನ ಸಲ ಬದಲಿಸೋಣ ಅಂದರೆ ಬದಲಿಸುವುದು ಹೇಗೆ? ಶಾಸಕನನ್ನು ಐದು ವರ್ಷಕ್ಕೆ ಕೇಳಬಹುದು. ಪೀಠವನ್ನು ಕೇಳಲು ಬರುವುದಿಲ್ಲ.

ತುಮಕೂರು ಹಾಸ್ಟೆಲ್:

ಮೇಷ್ಟ್ರೇ, ಹರಳಯ್ಯನ ವಿಷಯ ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಅನ್ನ ಬಡಿಸುವಾಗ ವೋಟು ಕೇಳಲಿಲ್ಲ ಅನ್ನುವುದೂ ನಿಜ. ಆದರೂ ಗಾಂಧಿ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಇನ್ನೊಮ್ಮೆ ಮಾತಾಡೋಣ.

ಶಂಕರಪುರ ಮಲ್ಲಿಗೆ:

ನಾನು ಉಡುಪಿಯ ಹತ್ತಿರದವಳು. ಮನೆಯಲ್ಲಿ ಮಲ್ಲಿಗೆ ಗಿಡ ಇದೆ, ಅಮ್ಮ ಬೆಳಿಗ್ಗೆ ಎದ್ದು ಹೂ ಕಟ್ಟಿ ಅಟ್ಟೆ ಲೆಕ್ಕದಲ್ಲಿ ಕೊಡುತ್ತಾರೆ. ಈ ಹೂ ಬೆಳೆಯುವವರಲ್ಲಿ ಕ್ರಿಶ್ಚಿಯನ್ನರು ಜಾಸ್ತಿ. ಹೋಗುವುದು ದೇವಸ್ಥಾನಕ್ಕೆ, ಭೂತದ ಕೋಲಕ್ಕೆ, ಮದುವೆಗೆ. ಯಾರು ಕಟ್ಟಿದ್ದು ಅಂತ ದೇವರು ಇಷ್ಟು ವರ್ಷ ಕೇಳಿರಲಿಲ್ಲ.

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಕ್ಷೇತ್ರ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಗೆ ದೇವಿ ಒಲಿದಳು, ಅವನೇ ಗುಡಿ ಕಟ್ಟಿಸಿದ ಅಂತ ಕಥೆ. ಇವತ್ತಿಗೂ ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುತ್ತದೆ. ಆ ಜಾತ್ರೆಗೂ 2022ರ ಮಾರ್ಚ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅಂತ ಬ್ಯಾನರ್ ಬಿತ್ತು. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೂ ಅಷ್ಟೇ. ಅದಕ್ಕೂ ಮುಂಚೆಯೇ ಕಾಲೇಜಿನ ಗೇಟಿನಲ್ಲಿ ಹಿಜಾಬ್, ಕೇಸರಿ ಶಾಲಿನ ಗಲಾಟೆ ಶುರುವಾಗಿತ್ತು. ನನ್ನ ತಂಗಿ ಆಗ ಪಿಯುಸಿ. ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು ಪರೀಕ್ಷೆಗೆ ಬರಲೇ ಇಲ್ಲ. ಈಗ ಎಲ್ಲಿದ್ದಾಳೋ. ಕೋರ್ಟಿನಲ್ಲಿ ಯಾರು ಸರಿ ಯಾರು ತಪ್ಪು ಅಂತ ವಾದ ಇವತ್ತಿಗೂ ಮುಗಿದಿಲ್ಲ, 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಆ ಹುಡುಗಿಯ ವರ್ಷ ಮಾತ್ರ ಹೋಯಿತು.

ಜಾತ್ರೆಯಲ್ಲಿ ನಮ್ಮಮ್ಮ ಪ್ರತಿ ವರ್ಷ ಬಳೆ ತೊಡಿಸಿಕೊಳ್ಳುತ್ತಿದ್ದ ಒಬ್ಬ ಬ್ಯಾರಿ ಅಜ್ಜ ಇದ್ದರು. ಆ ವರ್ಷ ಬರಲಿಲ್ಲ. ಅಮ್ಮ ಬೇರೆ ಅಂಗಡಿಯಲ್ಲಿ ತೊಡಿಸಿಕೊಳ್ಳದೆ ಹಾಗೇ ಬಂದರು.

ಹಾವೇರಿಯ ಅಣ್ಣಾ, ನಿಮ್ಮ ಅಮ್ಮನ ವಿಷಯ. ನಮ್ಮ ಕಡೆ ಆಣೆ, ಪ್ರಮಾಣ ಅಂದರೆ ಬಹಳ ದೊಡ್ಡದು. ಜಗಳ ತೀರದಿದ್ದರೆ ಕಾಸರಗೋಡಿನ ಕಾನತ್ತೂರಿಗೆ ಹೋಗುತ್ತಾರೆ, ಅಲ್ಲಿನ ನಾಲ್ವರ್ ದೈವಗಳ ಮುಂದೆ ಸುಳ್ಳು ಹೇಳಲು ಎಂಥವರೂ ಹೆದರುತ್ತಾರೆ. ಅದಕ್ಕೆ ಸುಮ್ನೆ ಹೆದರಬೇಡಿ ಅಂತ ಅವರಿಗೆ ಹೇಳಿದರೆ ಆ ಭಯ ಹೋಗುವುದಿಲ್ಲ. ಆದರೆ ತಪ್ಪು ಕಾಣಿಕೆ ಅಂತ ಒಂದಿದೆ. ದೇವರ ಮುಂದೆ ಹೋಗಿ, ಹೀಗಾಯಿತು ತಾಯೀ ಅಂತ ಹೇಳಿ, ಕೈಲಾದದ್ದು ಇಟ್ಟು ಬರುವುದು. ಅವರಿಗೆ ಹೊರಗೆ ನಿಂತು ಕೈ ಮುಗಿಯಲು ಬಿಡಬೇಡಿ, ಒಳಗೆ ಕರೆದುಕೊಂಡು ಹೋಗಿ. ಮನಸ್ಸಿಲ್ಲದವರ ಬಾಯಲ್ಲಿ ಬಲವಂತದಿಂದ ಹೇಳಿಸಿದ್ದು ಆಣೆ ಆಗುತ್ತದಾ ಅಂತ ಅಲ್ಲಿನ ಪೂಜಾರಿಯ ಹತ್ತಿರವೇ ಅವರೆದುರಿಗೆ ಕೇಳಿ. ನೀವು ಹೇಳುವುದಕ್ಕಿಂತ ಪೂಜಾರಿ ಹೇಳಿದರೆ ಅವರಿಗೆ ಸಮಾಧಾನ ಆಗಬಹುದು.

ಹಾವೇರಿ ಮಣ್ಣು:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಕ್ಕಾ, ನಿಮ್ಮ ಮಾತು ಓದಿ ಮನಸ್ಸು ಹಗುರ ಆಯಿತು.

ನಿನ್ನೆ ರಾತ್ರಿ ಅವ್ವನಿಗೆ ಫೋನ್ ಮಾಡಿ ವಕೀಲರು ಬರೆದದ್ದನ್ನು ನಿಧಾನಕ್ಕೆ ಓದಿ ಹೇಳಿದೆ. ದೇವರ ಸಿಟ್ಟಿನ ಹೆದರಿಕೆ ಹಾಕಿ ವೋಟು ಕೇಳಬಾರದು ಅಂತ ಕಾನೂನಿದೆ ಅಂದಾಗ ಸುಮ್ಮನಾದಳು. ಆಮೇಲೆ, ಹಂಗಂದ್ರ ನನ್ನಂಗ ಹೆದರಿದಾಕಿ ಆಗಿನ ಕಾಲಕ್ಕೂ ಇದ್ಲನು, ಎಂದು ಕೇಳಿದಳು. ಇದ್ದಿರಬೇಕು ಅವ್ವಾ, ಅದಕ್ಕೇ ಬರೆದಿದ್ದಾರೆ ಎಂದೆ.

ತಪ್ಪು ಕಾಣಿಕೆ ವಿಷಯ ಹೇಳಿದ್ದಕ್ಕೆ ಮೊದಲು ಬೇಡ ಎಂದಳು. ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ದ್ಯಾಮವ್ವನಿಗೆ ಉಡಿ ತುಂಬಬೇಕಂತೆ. ಟ್ರಂಕಿನಲ್ಲಿರುವ ಸೀರೆಯನ್ನೇ ಕೊಡೋಣವಾ ಎಂದು ಕೇಳಿದೆ, ಬೈದಳು. ಅದು ಅವರ ಸೀರೆ, ನೀ ನಿನ್ನ ದುಡ್ಡಿಂದು ತಾ ಎಂದಳು. ಹಸಿರು ಬಣ್ಣದ್ದೇ ಆಗಬೇಕಂತೆ. ತಮ್ಮನೂ ಬರುತ್ತಾನೆ. ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ, ಶುಕ್ರವಾರ ಬೆಳಿಗ್ಗೆ ಊರು ಮುಟ್ಟುತ್ತೇನೆ.